ಹಿಡಿ ತಿರುಗಿತು, ಉಳಿ ಕದಲಲಿಲ್ಲ



ಲೇತ್ ಯಂತ್ರದ ಮುಂದೆ ನಿಂತ ಟರ್ನರ್ ಒಬ್ಬ ಕ್ರಾಸ್ ಸ್ಲೈಡಿನ ಹಿಡಿಯನ್ನು ತಿರುಗಿಸುತ್ತಾನೆ. ಡಯಲ್ ಮೇಲಿನ ಗೆರೆಗಳು ಒಂದು, ಎರಡು, ಮೂರು ಎಂದು ಸರಿಯುತ್ತವೆ. ಸರಿಯಬೇಕಾದ ಟೂಲು ಮಾತ್ರ ಇದ್ದಲ್ಲೇ ಇರುತ್ತದೆ. ಇನ್ನೂ ನಾಲ್ಕೈದು ಗೆರೆ ದಾಟಿದ ಮೇಲೆ ನಿದ್ದೆಯಿಂದ ಎದ್ದಂತೆ ಮೆಲ್ಲಗೆ ಕದಲುತ್ತದೆ. ಕೈ ಹೇಳಿದ್ದಕ್ಕೂ ಉಳಿ ಕೇಳಿದ್ದಕ್ಕೂ ನಡುವೆ ಬೀಳುವ ಈ ಅಂತರವನ್ನು ವರ್ಕ್‌ಶಾಪುಗಳಲ್ಲಿ ಬ್ಯಾಕ್‌ಲ್ಯಾಶ್ ಎನ್ನುತ್ತಾರೆ. ಪ್ಲೇ ಎನ್ನುವವರಿದ್ದಾರೆ, ಲೂಸ್ ಎಂದರೂ ಎಲ್ಲರಿಗೂ ಅರ್ಥವಾಗುತ್ತದೆ. ಬಾವಿಯಿಂದ ನೀರು ಸೇದಿದವರಿಗೆ ಇದು ಹೊಸ ಸಂಗತಿಯಲ್ಲ. ಹಗ್ಗ ಸಡಿಲವಾಗಿ ಬಿದ್ದಿದ್ದರೆ ಮೊದಲ ಒಂದೆರಡು ಮೊಳ ಎಳೆದಾಗ ಕೈಗೆ ಬರುವುದು ಬರೀ ಹಗ್ಗ. ಅದು ಬಿಗಿದ ಮೇಲೇ ಕೊಡ ಮೇಲೇಳುವುದು. ಲೇತಿನಲ್ಲಿ ಆ ಹಗ್ಗದ ಜಾಗದಲ್ಲಿ ಒಂದು ಉಕ್ಕಿನ ತಿರುಪು ಇದೆ, ಅದನ್ನು ಅಪ್ಪಿಕೊಂಡ ಒಂದು ಗನ್‌ಮೆಟಲ್ ನಟ್ಟು ಇದೆ.

ಬ್ಯಾಕ್‌ಲ್ಯಾಶ್ ಎಂಬ ಈ ಮಾತು ಈಗ ರಾಜಕೀಯ ವಿಶ್ಲೇಷಕರ ಬಾಯಲ್ಲೇ ಹೆಚ್ಚು ಕೇಳಿಬರುತ್ತದೆ. ಮೂಲತಃ ಅದು ಯಂತ್ರಶಾಲೆಯ ಸೊತ್ತು. ಇಂಗ್ಲಿಷಿನಲ್ಲಿ ಅದು 19ನೇ ಶತಮಾನದ ಆರಂಭದಿಂದಲೂ ಯಂತ್ರಗಳ ಮಾತಾಗಿತ್ತು. ಸಮಾಜದ ಎದುರೇಟು ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದ್ದು 20ನೇ ಶತಮಾನದ ನಡುಭಾಗದಲ್ಲಿ. ಪತ್ರಿಕೆಗಳು ಎರವಲು ಪಡೆದ ಪದವನ್ನು ಅದರ ಯಜಮಾನರಿಗೆ ಒಂದು ದಿನದ ಮಟ್ಟಿಗಾದರೂ ಹಿಂತಿರುಗಿಸಿದರೆ ತಪ್ಪಿಲ್ಲ.

ತುಂಗೆಯ ದಂಡೆಯ ಶಿವಮೊಗ್ಗ, ಭದ್ರೆಯ ದಂಡೆಯ ಭದ್ರಾವತಿ, ಎರಡರ ನಡುವಿನ ಹೆದ್ದಾರಿಯಲ್ಲಿ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ. ಕಬ್ಬಿಣದ ಎರಕ ಮತ್ತು ಆ ಎರಕವನ್ನು ಅಳತೆಗೆ ತರುವ ಯಂತ್ರಕೆಲಸ ಈ ಸುತ್ತಿನ ಮುಖ್ಯ ಕಸುಬುಗಳು. ಒಂದು ಎರಕದ ಬಿಡಿಭಾಗ ಲೇತಿನ ಚಕ್ಕಿಗೆ ಬರುವ ಹೊತ್ತಿಗೆ ಎಷ್ಟು ಜನರ ಕೈ ದಾಟಿರುತ್ತದೆ ಎಂದು ಎಣಿಸಿ ನೋಡಬೇಕು. ಮರದ ಅಚ್ಚು ಮಾಡಿದವನು, ಮರಳಿನಲ್ಲಿ ಮೋಲ್ಡ್ ಕಟ್ಟಿದವನು, ಕುಲುಮೆ ನೋಡಿಕೊಂಡವನು, ಲೋಹ ಹೊಯ್ದವನು, ಮರಳು ಉದುರಿಸಿ ಅಂಚು ಉಜ್ಜಿದವನು. ಕೊನೆಯಲ್ಲಿ ಟರ್ನರ್. ಅವನ ಟೂಲು ಕೂದಲೆಳೆಯಷ್ಟು ಹೆಚ್ಚು ಒಳಗೆ ಹೋದರೆ ಮೇಲಿನವರೆಲ್ಲರ ದಿನದ ದುಡಿಮೆ ಗುಜರಿ ರಾಶಿಗೆ ಸೇರುತ್ತದೆ.

ಕೂದಲೆಳೆ ಎಂಬುದು ಅಲಂಕಾರದ ಮಾತಲ್ಲ, ಲೆಕ್ಕ ಹಾಕಿಯೇ ನೋಡಬಹುದು. ಕ್ರಾಸ್ ಸ್ಲೈಡಿನ ತಿರುಪಿನ ಪಿಚ್ 5 ಮಿ.ಮೀ. ಎಂದುಕೊಳ್ಳಿ, ಹಿಡಿ ಒಂದು ಸುತ್ತು ಬಂದರೆ ಟೂಲು 5 ಮಿ.ಮೀ. ಸರಿಯುತ್ತದೆ. ಡಯಲ್ ಮೇಲೆ 100 ಗೆರೆಗಳಿದ್ದರೆ ಒಂದು ಗೆರೆಗೆ 0.05 ಮಿ.ಮೀ. ಆದರೆ ಜಾಬು ತಿರುಗುತ್ತಿರುವುದರಿಂದ ಎರಡು ಪಕ್ಕದಲ್ಲೂ ಅಷ್ಟಷ್ಟು ಹೋಗಿ ವ್ಯಾಸದಲ್ಲಿ 0.10 ಮಿ.ಮೀ. ವ್ಯತ್ಯಾಸವಾಗುತ್ತದೆ. ಈಗ 62 ಮಿ.ಮೀ. ಹೊರವ್ಯಾಸದ ಬೇರಿಂಗ್ ಕೂರಬೇಕಾದ ಗೂಡನ್ನು ಕೊರೆಯಬೇಕಿದೆ. ಎಚ್7 ಎಂಬ ಸಾಮಾನ್ಯ ಫಿಟ್‌ಗೆ ಅಲ್ಲಿ ಅನುಮತಿ ಇರುವ ಹೆಚ್ಚುಕಡಿಮೆ 0.03 ಮಿ.ಮೀ. ಮಾತ್ರ. ಅಂದರೆ ಡಯಲಿನ ಒಂದೇ ಗೆರೆ ಆ ಮಿತಿಯ ಮೂರುಪಟ್ಟಿಗೂ ಹೆಚ್ಚು. ಹೀಗಿರುವಾಗ ಎಂಟು ಗೆರೆಗಳಷ್ಟು ಬ್ಯಾಕ್‌ಲ್ಯಾಶ್ ಇರುವ ಯಂತ್ರದ ಮೇಲೆ, ಡಯಲನ್ನು ಕುರುಡಾಗಿ ನಂಬಿ ಹಿಂದೆ ಮುಂದೆ ಆಡಿಸಿದವನ ಗತಿ ಏನಾಗಬೇಡ!

ಉಳಿಗೂ ಕೈಗೂ ನಡುವೆ ಈ ಸಂದು ಎಂದಿನಿಂದ ಬಂತು? ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಕಡೆಯುವುದು ಕನ್ನಡ ನಾಡಿಗೆ ಹೊಸ ವಿದ್ಯೆಯಲ್ಲ. ಹೊಯ್ಸಳರ ದೇವಾಲಯಗಳ ಮಂಟಪಗಳಲ್ಲಿ ಕನ್ನಡಿಯಂತೆ ಹೊಳೆಯುವ, ಬಳೆ ಬಳೆಯಾಗಿ ಸುತ್ತು ತೆಗೆದ ಕಂಬಗಳನ್ನು ನೋಡದವರು ವಿರಳ. ಕಲ್ಲನ್ನು ತಿರುಗಿಸಿ ಕಡೆದಲ್ಲದೆ ಅಂಥ ದುಂಡು ಬರಲಾರದು ಎಂಬುದರಲ್ಲಿ ಬಹುತೇಕ ವಿದ್ವಾಂಸರಿಗೆ ಒಮ್ಮತವಿದೆ. ಅಷ್ಟು ಭಾರದ ಕಂಬವನ್ನು ತಿರುಗಿಸಿದ ಬಗೆ ಹೇಗೆ ಎಂಬುದು ಮಾತ್ರ ಚರ್ಚೆಯ ವಿಷಯ. ಚನ್ನಪಟ್ಟಣದ ಬೊಂಬೆ ಮಾಡುವವರು ತಿರುಗುವ ಮರಕ್ಕೆ ಉಳಿ ಹಿಡಿದು ರೂಪ ಕೊಡುತ್ತಾರೆ, ಅದೇ ತಿರುಗಾಟದ ಬಿಸಿಗೆ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಒಂದೇ: ಉಳಿ ಕೈಯಲ್ಲಿದೆ. ಕೈ ಕದಲಿದ ಕ್ಷಣ ಉಳಿಯೂ ಕದಲುತ್ತದೆ. ಚನ್ನಪಟ್ಟಣದ ಕುಶಲಕರ್ಮಿಗೆ ಅಳತೆ ತಪ್ಪುವ ಭಯವಿದೆ, ಕೈ ನಡುಗುವ ಭಯವಿದೆ. ಬ್ಯಾಕ್‌ಲ್ಯಾಶ್ ಎಂಬ ಭಯವಿಲ್ಲ.

ಮರಕ್ಕೆ ಸಾಕಾದ ಆ ಪದ್ಧತಿ ಉಕ್ಕಿಗೆ ಸಾಲಲಿಲ್ಲ. ಗಟ್ಟಿ ಲೋಹ ಉಳಿಯನ್ನು ಒದೆಯುತ್ತದೆ, ತೋಳು ಸೋಲುತ್ತದೆ. ಹಾಗಾಗಿ ಉಳಿಯನ್ನು ಕೈಯಿಂದ ಬಿಡಿಸಿ ಜಾರುಮಣೆಯೊಂದರ ಮೇಲೆ ಬಿಗಿದು, ಆ ಮಣೆಯನ್ನು ತಿರುಪಿನಿಂದ ನಡೆಸುವ ಉಪಾಯ ಹೊಳೆಯಿತು. ರಷ್ಯಾದ ಆಂದ್ರೇ ನಾರ್ತೋವ್ 18ನೇ ಶತಮಾನದ ಮೊದಲ ಭಾಗದಲ್ಲೇ ಇಂಥ ಯಂತ್ರಗಳನ್ನು ಕಟ್ಟಿದ್ದ. ಕಾರ್ಖಾನೆಯ ಕೆಲಸಕ್ಕೆ ಒಗ್ಗುವಂತೆ ಅದನ್ನು ಗಟ್ಟಿಯಾಗಿ, ಪೂರ್ತಿ ಲೋಹದಲ್ಲಿ ನಿಲ್ಲಿಸಿದ ಕೀರ್ತಿ ಇಂಗ್ಲೆಂಡಿನ ಹೆನ್ರಿ ಮಾಡ್‌ಸ್ಲೆಗೆ ಸಲ್ಲುತ್ತದೆ. ಬೀಗ ತಯಾರಕ ಜೋಸೆಫ್ ಬ್ರಾಮಾನ ಅಂಗಡಿಯಲ್ಲಿ ಪಳಗಿದ ಈತ 1800ರ ಹೊತ್ತಿಗೆ ಕಟ್ಟಿದ ಥ್ರೆಡ್ ಕೊರೆಯುವ ಲೇತ್ ಇವತ್ತಿನ ಲೇತುಗಳ ಮುತ್ತಜ್ಜ. ಕೈಯ ನಡುಕ ಹೋಯಿತು. ಅದರ ಬದಲು ತಿರುಪು ಮತ್ತು ನಟ್ಟಿನ ನಡುವಿನ ಸಂದು ಬಂತು. ಉಳಿಯನ್ನು ಕೈಯಿಂದ ಬಿಡಿಸಿಕೊಂಡದ್ದಕ್ಕೆ ತೆತ್ತ ಸುಂಕ ಇದು.

ಮಾಡ್‌ಸ್ಲೆಗೆ ತಿರುಪಿನ ಹುಚ್ಚು ಹಿಡಿದಿತ್ತು ಎಂದರೆ ಅತಿಶಯವಲ್ಲ. ಒಳ್ಳೆಯ ತಿರುಪು ಕೊರೆಯಲು ಒಳ್ಳೆಯ ತಿರುಪು ಇರುವ ಲೇತ್ ಬೇಕು. ಅಂಥ ಲೇತ್ ಕಟ್ಟಲು ಒಳ್ಳೆಯ ತಿರುಪು ಬೇಕು. ಬೀಜ ಮೊದಲೋ ಮರ ಮೊದಲೋ ಎಂಬ ಈ ಗಂಟನ್ನು ಅವನು ತಿದ್ದಿ ತಿದ್ದಿ ಬಿಡಿಸಿದ. ಅವನು ಮಾಡಿದ ಒಂದು ತಿರುಪು 5 ಅಡಿ ಉದ್ದ, 2 ಅಂಗುಲ ವ್ಯಾಸ, ಅಂಗುಲಕ್ಕೆ 50 ಥ್ರೆಡ್ಡು. ಅದರ ನಟ್ಟೇ 12 ಅಂಗುಲ ಉದ್ದವಿತ್ತು, ಅದರೊಳಗೆ 600 ಥ್ರೆಡ್ಡು. ಅಷ್ಟುದ್ದ ನಟ್ಟು ಏಕೆ? ಒಂದೆರಡು ಥ್ರೆಡ್ಡುಗಳ ಸಣ್ಣಪುಟ್ಟ ದೋಷ ಆರುನೂರರ ನಡುವೆ ಹಂಚಿಹೋಗಲಿ, ಭಾರವೂ ಹಂಚಿಹೋಗಿ ಸವೆತ ಕಡಿಮೆಯಾಗಲಿ ಎಂದು. ಈಗಲೂ ಹೊಸ ನಟ್ಟು ಮಾಡಿಸುವವರು ಜಾಗ ಇದ್ದಷ್ಟೂ ಉದ್ದ ಇರಿಸಿಕೊಳ್ಳುವುದು ಜಾಣತನ.

ಈ ಸೀಮೆಗೆ ಯಂತ್ರವಿದ್ಯೆ ಬಂದದ್ದು ಕಬ್ಬಿಣದ ಬೆನ್ನು ಹಿಡಿದು. 1918ರಲ್ಲಿ ಮೈಸೂರು ಸರ್ಕಾರ ಒಪ್ಪಿಗೆ ಕೊಟ್ಟ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಇದ್ದಿಲು ಉರಿಸುವ ಊದುಕುಲುಮೆ ಹೊತ್ತಿಕೊಂಡದ್ದು 1923ರ ಜನವರಿಯಲ್ಲಿ. ದಿವಾನಗಿರಿಯಿಂದ ಇಳಿದಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಅದೇ ವರ್ಷ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ನಡೆಸಿದರು. ಕುಲುಮೆ ಇದ್ದಲ್ಲಿ ರಿಪೇರಿ ಇದ್ದೇ ಇರುತ್ತದೆ, ರಿಪೇರಿ ಇದ್ದಲ್ಲಿ ಲೇತ್ ಇರಲೇಬೇಕು. ಕೂಡ್ಲಿಯಲ್ಲಿ ತುಂಗೆ ಭದ್ರೆಯರು ಕೂಡಿದ ಮೇಲೆ ಹೊಳೆ ಹರಿಯುವುದು ಹರಿಹರದ ಪಕ್ಕದಲ್ಲಿ. ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ, ಆ ಹರಿಹರದಲ್ಲೇ ಮೈಸೂರು ಕಿರ್ಲೋಸ್ಕರ್ ಸಂಸ್ಥೆ ಹುಟ್ಟಿತು, ಲೇತ್ ತಯಾರಿಕೆಗೆ ಹೆಸರಾಯಿತು. ಅಲ್ಲಿಂದ 12 ವರ್ಷಕ್ಕೆ, 1953ರಲ್ಲಿ, ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂತು. ಹೊರದೇಶದ ಹಡಗಿಗೆ ಕಾಯುತ್ತಿದ್ದ ಯಂತ್ರ ಹೊಳೆಯ ಕೆಳದಂಡೆಯಲ್ಲೇ ಸಿಗುವಂತಾದದ್ದು ಸಣ್ಣ ಸಂಗತಿಯಲ್ಲ.

ಹರಿಹರದ ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಅದರ ಲೇತುಗಳು ಬಾಗಿಲು ಹಾಕಲಿಲ್ಲ. ಎರಕದ ದಪ್ಪ ಮೈ, ಒಳ್ಳೆಯ ಬೆಡ್, ದಶಕಗಳ ದುಡಿಮೆ ತಡೆಯುವ ಹೆಡ್‌ಸ್ಟಾಕ್. ಹಳೆಯ ಲೇತಿನಲ್ಲಿ ಮೊದಲು ಸೋಲುವುದು ಅಂಗೈಯಲ್ಲಿ ಹಿಡಿಯಬಹುದಾದ ಆ ಗನ್‌ಮೆಟಲ್ ನಟ್ಟು. ತಯಾರಿಸಿದ ಕಾರ್ಖಾನೆಯೇ ಇಲ್ಲದ ಮೇಲೆ ಅದನ್ನು ಅಲ್ಲಿಂದ ತರಿಸುವ ಮಾತಿಲ್ಲ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಕೊಳ್ಳುವ ಶಕ್ತಿ ಎಲ್ಲ ಸಣ್ಣ ಶಾಪುಗಳಿಗೂ ಇರುವುದಿಲ್ಲ. ಹಾಗಾಗಿ ಬ್ಯಾಕ್‌ಲ್ಯಾಶ್ ಕಡಿಮೆ ಮಾಡುವ ವಿದ್ಯೆ ಇಂಥ ಶಾಪಿಗೆ ಅನ್ನದ ಪ್ರಶ್ನೆ.

ಆ ವಿದ್ಯೆಯ ಮೊದಲ ಪಾಠದಲ್ಲಿ ಸ್ಪ್ಯಾನರ್ ಮುಟ್ಟುವ ಕೆಲಸವೇ ಇಲ್ಲ. ಹೊರಮೈ ಕಡೆಯುವಾಗ ಲೋಹ ಟೂಲನ್ನು ಟರ್ನರನ ಕಡೆಗೆ ತಳ್ಳುತ್ತದೆ. ಆ ಒತ್ತಡಕ್ಕೆ ತಿರುಪಿನ ಥ್ರೆಡ್ಡಿನ ಒಂದೇ ಮಗ್ಗುಲು ನಟ್ಟಿಗೆ ಒತ್ತಿ ಕೂತಿರುತ್ತದೆ; ಸಂದು ಇನ್ನೊಂದು ಮಗ್ಗುಲಲ್ಲಿ ಸುಮ್ಮನೆ ಬಿದ್ದಿರುತ್ತದೆ. ಟೂಲನ್ನು ಯಾವಾಗಲೂ ಮುಂದಕ್ಕೇ ಒಯ್ಯುತ್ತಿದ್ದರೆ ಅರ್ಧ ಮಿ.ಮೀ. ಬ್ಯಾಕ್‌ಲ್ಯಾಶ್ ಇದ್ದರೂ ಅಳತೆ ಕೆಡುವುದಿಲ್ಲ. ಡಯಲ್ 30ರಲ್ಲಿ ನಿಲ್ಲಬೇಕಾದದ್ದು ಕೈತಪ್ಪಿ 32ಕ್ಕೆ ಹೋಯಿತೆನ್ನಿ. ಎರಡು ಗೆರೆ ಹಿಂದಕ್ಕೆ ತಂದರೆ ಡಯಲ್ ಬಂದೀತು, ಟೂಲು ಬಾರದು. ಒಂದು ಪೂರ್ತಿ ಸುತ್ತು ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬಂದು 30ರಲ್ಲಿ ನಿಲ್ಲಿಸಬೇಕು. ಗೂಡು ಕೊರೆಯುವಾಗ ಇದೆಲ್ಲ ತಿರುಗುಮುರುಗು: ಅಲ್ಲಿ ಟೂಲನ್ನು ತನ್ನ ಕಡೆಗೆ ಎಳೆಯುತ್ತಾ ಬರಬೇಕು, ಸಂದನ್ನು ಆ ದಿಕ್ಕಿನಲ್ಲೇ ಮುಗಿಸಿಕೊಂಡಿರಬೇಕು. ದೂರದರ್ಶಕದ ಮೈಕ್ರೋಮೀಟರ್ ತಿರುಪನ್ನು ಒಂದೇ ದಿಕ್ಕಿನಿಂದ ತಿರುಗಿಸಿ ನಕ್ಷತ್ರಗಳ ಅಂತರ ಅಳೆಯುತ್ತಿದ್ದ ಖಗೋಳಜ್ಞರದೂ ಇದೇ ಶಿಸ್ತು.

ಹಾಗಾದರೆ ಸರಿಪಡಿಸುವ ಗೋಜು ಏಕೆ? ಒತ್ತಡ ಯಾವಾಗಲೂ ಒಂದೇ ದಿಕ್ಕಿನಲ್ಲಿ ಇರುವುದಿಲ್ಲವಲ್ಲ. ಪಾರ್ಟಿಂಗ್ ಟೂಲಿನಿಂದ ಜಾಬನ್ನು ಕತ್ತರಿಸುವಾಗ, ಹಿತ್ತಾಳೆಯನ್ನು ಚೂಪಾದ ಟೂಲಿನಿಂದ ಕಡೆಯುವಾಗ ಲೋಹ ಟೂಲನ್ನು ತಳ್ಳುವ ಬದಲು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಸಂದು ಇದ್ದಷ್ಟು ದೂರ ಟೂಲು ತಾನಾಗಿ ಹಾರುತ್ತದೆ; ಟೂಲು ಮುರಿಯುತ್ತದೆ, ಇಲ್ಲವೇ ಜಾಬು ಚಕ್ಕಿನಿಂದ ಕಿತ್ತು ಬರುತ್ತದೆ. ಉಬ್ಬುತಗ್ಗಿನ ಎರಕ ಪ್ರತಿ ಸುತ್ತಿಗೂ ಒಂದೊಂದು ಏಟು ಕೊಡುತ್ತಾ ಸಡಿಲ ಸ್ಲೈಡನ್ನು ಕುಣಿಸುತ್ತದೆ. ಇಲ್ಲಿ ಕೈಚಳಕ ನಡೆಯದು.

ರೋಗ ಎಲ್ಲಿದೆಯೆಂದು ಹುಡುಕದೆ ನಟ್ಟನ್ನು ಬಿಗಿಯಲು ಹೋಗುವುದು ಸಾಮಾನ್ಯವಾಗಿ ಕಾಣುವ ಅವಸರ. ಬ್ಯಾಕ್‌ಲ್ಯಾಶ್ ಎಲ್ಲವೂ ನಟ್ಟಿನದಲ್ಲ. ತಿರುಪಿನ ಬುಡದಲ್ಲಿ, ಹಿಡಿಯ ಹಿಂದೆ, ಅದನ್ನು ಹಿಂದೆ ಮುಂದೆ ಸರಿಯದಂತೆ ತಡೆಯುವ ಕಾಲರ್ ಅಥವಾ ಥ್ರಸ್ಟ್ ಬೇರಿಂಗ್ ಇರುತ್ತದೆ. ಅದು ಸಡಿಲವಾದರೆ ತಿರುಪೇ ಉದ್ದಕ್ಕೆ ಓಲಾಡುತ್ತದೆ. ಹಿಡಿಯ ಬುಡಕ್ಕೆ ಡಯಲ್ ಗೇಜ್ ಇಟ್ಟು, ತಿರುಗಿಸದೆ, ಹಿಡಿದು ಎಳೆದು ತಳ್ಳಿದರೆ ಮುಳ್ಳು ಅದನ್ನು ಹೇಳುತ್ತದೆ. ಒಟ್ಟು 0.40 ಮಿ.ಮೀ. ಬ್ಯಾಕ್‌ಲ್ಯಾಶ್‌ನಲ್ಲಿ 0.10 ಇಲ್ಲೇ ಸಿಕ್ಕರೆ ಕಾಲು ಭಾಗದ ರೋಗ ಒಂದು ವಾಷರ್ ಇಲ್ಲವೇ ಲಾಕ್‌ನಟ್ಟಿನಲ್ಲಿ ವಾಸಿಯಾದಂತೆ. ಆಮೇಲೆ ಗೇಜನ್ನು ಸ್ಲೈಡಿಗೆ ಇಟ್ಟು ಹಿಡಿಯನ್ನು ಹಿಂದಕ್ಕೆ ತಿರುಗಿಸುತ್ತಾ, ಮುಳ್ಳು ಕದಲುವವರೆಗೆ ಡಯಲ್ ಎಷ್ಟು ಗೆರೆ ಓಡಿತೆಂದು ನೋಡಬೇಕು. ಇದನ್ನು ಒಂದೇ ಜಾಗದಲ್ಲಲ್ಲ, ಸ್ಲೈಡಿನ ಓಟದ ಎರಡು ತುದಿ ಮತ್ತು ನಡುವೆ, ಮೂರು ಕಡೆ ಮಾಡಬೇಕು. ಮೂರೂ ಕಡೆ ಒಂದೇ ಉತ್ತರ ಬಂದರೆ ಸವೆದದ್ದು ನಟ್ಟು. ಒಂದು ಕಡೆ ಹೆಚ್ಚು, ಉಳಿದೆಡೆ ಕಡಿಮೆ ಎಂದರೆ ಸವೆದದ್ದು ತಿರುಪು. ದಿನವೂ ಒಂದೇ ಗಾತ್ರದ ಜಾಬು ಕಡೆದು ಕಡೆದು ತಿರುಪಿನ ಆ ಭಾಗ ಮಾತ್ರ ತೆಳುವಾಗಿರುತ್ತದೆ.

ಗಿಬ್ ಪಟ್ಟಿಯನ್ನು ಬಿಗಿದರೆ ಬ್ಯಾಕ್‌ಲ್ಯಾಶ್ ಹೋಗುತ್ತದೆಂಬ ನಂಬಿಕೆಯೂ ಇದೆ. ಗಿಬ್ ಇರುವುದು ಸ್ಲೈಡು ಅಡ್ಡಡ್ಡ ಅಲುಗದಿರಲೆಂದು. ಅದನ್ನು ಬಿಗಿದರೆ ಸ್ಲೈಡು ಭಾರವಾಗಿ ತಾನಾಗಿ ಓಡಾಡುವುದು ನಿಂತೀತು, ಹಿಡಿಯ ಹುಸಿ ತಿರುಗಾಟ ಹಾಗೆಯೇ ಉಳಿಯುತ್ತದೆ. ಮೇಲಾಗಿ ಆ ಭಾರವನ್ನೆಲ್ಲ ಎಳೆಯಬೇಕಾದದ್ದು ಅದೇ ಸವೆದ ನಟ್ಟು.

ಅನೇಕ ಲೇತುಗಳಲ್ಲಿ ನಟ್ಟು ಎರಡು ತುಂಡಾಗಿರುತ್ತದೆ, ನಡುವೆ ಒಂದು ಬೆಣೆ. ಒಂದು ತುಂಡಿನ ಸ್ಕ್ರೂ ಸಡಿಲಿಸಿ ಬೆಣೆಯ ಸ್ಕ್ರೂ ತಿರುಗಿಸಿದರೆ ತುಂಡುಗಳು ದೂರ ಸರಿದು ಒಂದು ತಿರುಪಿನ ಈ ಮಗ್ಗುಲನ್ನೂ ಇನ್ನೊಂದು ಆ ಮಗ್ಗುಲನ್ನೂ ಒತ್ತುತ್ತವೆ. ಇಷ್ಟೇ ಉಪಾಯ. ಒಂದೇ ತುಂಡಿನ ನಟ್ಟಾದರೆ ಅದನ್ನು ಅಡ್ಡಲಾಗಿ ಅರ್ಧ ಸೀಳಿ, ಸ್ಕ್ರೂ ಹಾಕಿ ಸೀಳನ್ನು ಬಿಗಿಯುವವರಿದ್ದಾರೆ. ಎಷ್ಟು ಬಿಗಿಯಬೇಕು? ಇಲ್ಲಿಯೇ ತಾಳ್ಮೆ ಬೇಕಾಗುವುದು. ತಿರುಪಿನ ಸವೆದ ನಡುಭಾಗದಲ್ಲಿ ಸೊನ್ನೆ ಬರುವಂತೆ ಬಿಗಿದರೆ ಸವೆಯದ ತುದಿಯಲ್ಲಿ ಹಿಡಿ ತಿರುಗುವುದೇ ಇಲ್ಲ. ಬಿಗಿಯಾದ ತುದಿಯಲ್ಲಿ ಕೈಗೆ ಹಗುರಾಗಿ ಓಡುವಷ್ಟು ಬಿಟ್ಟು, ನಡುವಿನಲ್ಲಿ ಉಳಿದದ್ದನ್ನು ಒಪ್ಪಿಕೊಳ್ಳಬೇಕು. ಹೊಸ ಯಂತ್ರದಲ್ಲೂ ಎಣ್ಣೆಯ ಪದರ ನಿಲ್ಲುವಷ್ಟು ಸಂದು ಇದ್ದೇ ಇರುತ್ತದೆ. ಎತ್ತಿನ ಗಾಡಿಯ ಅಚ್ಚಿಗೂ ಗಾಲಿಯ ಗುಂಬಕ್ಕೂ ನಡುವೆ ಕೀಲೆಣ್ಣೆಗೆ ಜಾಗ ಬಿಡದ ಬಡಗಿ ಯಾರಿದ್ದಾನೆ?

ಇನ್ನು ಸವೆತದ ಕಾರಣ. ಎರಕದ ಊರಿಗೆ ಇದು ಹೆಚ್ಚು ಸಂಬಂಧಿಸಿದ್ದು. ಉಕ್ಕಿನ ತಿರುಪು ಗಟ್ಟಿ, ಗನ್‌ಮೆಟಲ್ ನಟ್ಟು ಮೆತ್ತಗೆ. ಸವೆಯುವುದು ಮೆತ್ತಗಿನದು, ಅಗ್ಗದಲ್ಲಿ ಅದನ್ನೇ ಬದಲಿಸೋಣ ಎಂಬುದು ಯಂತ್ರ ವಿನ್ಯಾಸ ಮಾಡಿದವರ ಲೆಕ್ಕ. ಮರಳು ಆ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಎರಕದ ಮೈಗೆ ಅಂಟಿದ ಮೋಲ್ಡಿನ ಮರಳಿನ ಕಣ ಉಕ್ಕಿಗಿಂತ ಗಟ್ಟಿ. ಅದು ಮೆತ್ತನೆಯ ಗನ್‌ಮೆಟಲಿನಲ್ಲಿ ಹೂತು ಕೂರುತ್ತದೆ. ಅಲ್ಲಿಂದ ಆ ನಟ್ಟು ನಟ್ಟಾಗಿ ಉಳಿಯದೆ ಸಾಣೆಕಲ್ಲಾಗಿ ಬದಲಾಗುತ್ತದೆ, ಸುತ್ತು ಸುತ್ತಿಗೂ ಉಕ್ಕಿನ ತಿರುಪನ್ನು ಅರೆಯುತ್ತದೆ. ಬೀಡುಕಬ್ಬಿಣ ಕಡೆದಾಗ ಸುರುಳಿ ಬರುವುದಿಲ್ಲ, ಕಪ್ಪು ಪುಡಿ ಬರುತ್ತದೆ. ಆ ಪುಡಿ ಎಣ್ಣೆಯೊಂದಿಗೆ ಕಲಸಿಕೊಂಡರೆ ಅರೆಯುವ ಲೇಹ್ಯ ಸಿದ್ಧ. ಗಾಳಿಯ ಪೈಪು ಹಿಡಿದು ಯಂತ್ರವನ್ನು ‘ಸ್ವಚ್ಛ’ ಮಾಡುವವರು ಈ ಪುಡಿಯನ್ನು ನಟ್ಟಿನ ಒಳಕ್ಕೇ ಊದಿ ಕಳಿಸುತ್ತಾರೆ. ಬ್ರಷ್ಷು, ಬಟ್ಟೆ, ಸೀಮೆಎಣ್ಣೆಯಲ್ಲಿ ತೊಳೆತ, ತಿರುಪಿನ ಮೇಲೆ ಒಂದು ತಗಡಿನ ಅಥವಾ ತೊಗಲಿನ ಮುಚ್ಚಳ, ಆಮೇಲೆ ಹೊಸ ಎಣ್ಣೆ. ಬಿಗಿಯಾದ ಹೊಸ ನಟ್ಟನ್ನು ಗ್ರೈಂಡಿಂಗ್ ಪೇಸ್ಟ್ ಹಚ್ಚಿ ತಿರುಗಿಸಿ ‘ಪಳಗಿಸುವ’ ಅಭ್ಯಾಸವಂತೂ ಹೊಸ ನಟ್ಟಿಗೆ ಮೊದಲ ದಿನವೇ ಮರಳು ತಿನ್ನಿಸಿದ ಹಾಗೆ.

ಸಿಎನ್‌ಸಿ ಯಂತ್ರಗಳು ಈ ಕಷ್ಟವನ್ನು ಬಾಲ್ ಸ್ಕ್ರೂನಿಂದ ದಾಟಿವೆ. ಅಲ್ಲಿ ತಿರುಪು ಮತ್ತು ನಟ್ಟಿನ ನಡುವೆ ಉಕ್ಕಿನ ಗುಂಡುಗಳು ಉರುಳುತ್ತವೆ, ಮೊದಲೇ ಒತ್ತಡ ಕೊಟ್ಟು ಜೋಡಿಸುವುದರಿಂದ ಸಂದು ಇಲ್ಲವೆನ್ನುವಷ್ಟು ಕಡಿಮೆ. ಉಳಿದದ್ದನ್ನು ಕಂಪ್ಯೂಟರ್ ಲೆಕ್ಕದಲ್ಲಿ ಕಳೆಯುತ್ತದೆ. ಅದನ್ನೇ ತಂದು ಕೈ ಲೇತಿಗೆ ಹಾಕಿದರೆ ಆಗದೇ? ಹಾಕಿದವರಿಗೆ ಒಂದು ವಿಚಿತ್ರ ಕಾದಿರುತ್ತದೆ. ಬಾಲ್ ಸ್ಕ್ರೂನಲ್ಲಿ ಘರ್ಷಣೆ ಎಷ್ಟು ಕಡಿಮೆಯೆಂದರೆ ಕಡೆಯುವ ಒತ್ತಡವೇ ಸ್ಲೈಡನ್ನು ಹಿಂದಕ್ಕೆ ತಳ್ಳಿ ಹಿಡಿಯನ್ನು ತಿರುಗಿಸಿಬಿಡಬಲ್ಲದು. ಹಳೆಯ ತಿರುಪಿನ ಜಿಗುಟುತನವೇ ಇಷ್ಟು ಕಾಲ ಟೂಲನ್ನು ಇದ್ದಲ್ಲಿ ಹಿಡಿದಿತ್ತು ಎಂದು ಆಗ ತಿಳಿಯುತ್ತದೆ. ಅದಕ್ಕಿಂತ ಡಿಆರ್‌ಒ ಎಂಬ ಅಂಕಿ ತೋರಿಸುವ ಅಳತೆಪಟ್ಟಿ ವಾಸಿ. ಅದು ತಿರುಪನ್ನು ಕೇಳುವುದೇ ಇಲ್ಲ, ಸ್ಲೈಡು ನಿಜವಾಗಿ ಎಷ್ಟು ಸರಿಯಿತೆಂದು ಹೇಳುತ್ತದೆ. ಆದರೆ ಪಾರ್ಟಿಂಗ್ ಮಾಡುವಾಗ ಟೂಲು ಒಳಕ್ಕೆ ಹಾರಿದರೆ, ಹಾರಿದ್ದನ್ನು ನಿಖರವಾಗಿ ತೋರಿಸುವುದಷ್ಟೇ ಅದರ ಕೈಲಾದದ್ದು.

ಹೀಗಾಗಿ ಕೊನೆಗೆ ಬಹುಪಾಲು ಹಳೆಯ ಲೇತುಗಳ ದಾರಿ ಹೊಸ ನಟ್ಟಿನ ಕಡೆಗೇ. ಎರಕದ ನಾಡಿನಲ್ಲಿ ಅದು ದುಸ್ತರವಲ್ಲ. ತಾಮ್ರ 88, ತವರ 10, ಸತು 2 ಭಾಗದ ಗನ್‌ಮೆಟಲ್ ತುಂಡನ್ನು ಹೊಯ್ಯಿಸಿ ಥ್ರೆಡ್ ಕೊರೆಸಬಹುದು. ತಿರುಪು ಸವೆದಿದ್ದರೆ ಅದನ್ನೂ ಜೊತೆಗೇ ಮಾಡಿಸಬೇಕು. ಸವೆದ ತಿರುಪಿಗೆ ಹೊಸ ನಟ್ಟು ಹಾಕಿದರೆ ತುದಿಯಲ್ಲಿ ಬಿಗಿ, ನಡುವಿನಲ್ಲಿ ಮತ್ತೆ ಅದೇ ಸಡಿಲ. ಹಳೆಯ ಎರಡೂ ಭಾಗಗಳನ್ನು ಗುಜರಿಗೆ ಹಾಕದೆ ಕೊರೆಯುವವನ ಮುಂದೆ ಇಡಬೇಕು. ಹಿಡಿಯನ್ನು ಬಲಕ್ಕೆ ತಿರುಗಿಸಿದರೆ ಟೂಲು ಮುಂದೆ ಹೋಗಲೆಂದು ಕ್ರಾಸ್ ಸ್ಲೈಡಿನ ತಿರುಪನ್ನು ಅನೇಕ ಲೇತುಗಳಲ್ಲಿ ಎಡಗೈ ಥ್ರೆಡ್ಡಿನಲ್ಲಿ ಕೊರೆದಿರುತ್ತಾರೆ. ಅದನ್ನು ಹೇಳದೆ ಬರೀ ಪಿಚ್ ಮತ್ತು ವ್ಯಾಸ ಬರೆದುಕೊಟ್ಟು ಬಂದರೆ, ಅಚ್ಚುಕಟ್ಟಾದ ಬಲಗೈ ನಟ್ಟೊಂದು ಕೈಗೆ ಬರುತ್ತದೆ. ತಿರುಪಿನ ಬಾಯಿಗಿಟ್ಟು ತಿರುಗಿಸಿದರೆ ಒಂದು ಸುತ್ತೂ ಹತ್ತುವುದಿಲ್ಲ.